ಜೋಸೆಫ್ ವಾಜ್

ಸಂತ ಜೋಸೆಫ್ ವಾಜ್ (21 ಏಪ್ರಿಲ್ 1651 – 16 ಜನವರಿ 1711) ಗೋವಾದಲ್ಲಿ ಜನಿಸಿ, ಕೆನರಾ ಕರಾವಳಿಯಲ್ಲಿಯೂ ಸಿಲೋನಿನಲ್ಲಿಯೂ (ಇಂದಿನ ಶ್ರೀಲಂಕಾ) ಸೇವೆ ಸಲ್ಲಿಸಿದ ಕ್ಯಾಥೊಲಿಕ್ ಧರ್ಮಗುರು. 1681ರಿಂದ 1684ರವರೆಗೆ ಅವರು ಕೆನರಾ ಪ್ರದೇಶದ ವಿಗಾರ್ ವಾರ್, ಅಂದರೆ ವಲಯದ ಪ್ರಧಾನ ಗುರುಗಳಾಗಿದ್ದರು. 1687ರಿಂದ ಮರಣದವರೆಗೆ ಸಿಲೋನಿನಲ್ಲಿ ದುಡಿದ ಕಾರಣ ಅವರನ್ನು ಶ್ರೀಲಂಕಾದ ಅಪೊಸ್ತಲರೆಂದು ಕರೆಯುವುದು ರೂಢಿ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅವರು ಕೊಲಂಬೊದಲ್ಲಿ ವಾಜ್ ಅವರಿಗೆ ಸಂತ ಪದವಿಯನ್ನು ಘೋಷಿಸಿದರು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಅವರ ಹೆಸರು ಮುಖ್ಯವಾಗಿ ಬಂಟ್ವಾಳ ಸೀಮೆಯ ಮುಡಿಪು ಗುಡ್ಡದೊಂದಿಗೆ ಸೇರಿಕೊಂಡಿದೆ.

ಅವರ ಜೀವನಚರಿತ್ರೆಗಳಲ್ಲಿ ಸಿಲೋನಿನ ಇಪ್ಪತ್ತನಾಲ್ಕು ವರ್ಷಗಳಿಗೆ ಸಿಗುವಷ್ಟು ಸ್ಥಳ ಕೆನರಾದ ಮೂರು ವರ್ಷಗಳಿಗೆ ಸಿಗುವುದಿಲ್ಲ. ಆದರೆ ಗುರುಗಳಿಲ್ಲದೆ ಹಳ್ಳಿಹಳ್ಳಿಗಳಲ್ಲಿ ಚದುರಿಹೋಗಿದ್ದ ಸಣ್ಣ ಸಮುದಾಯಗಳನ್ನು ಒಬ್ಬನೇ ಗುರು ಹೇಗೆ ಹಿಡಿದಿಡಬೇಕೆಂಬ ಪ್ರಶ್ನೆಯನ್ನು ಅವರು ಮೊದಲು ಎದುರಿಸಿದ್ದು ಈ ಕರಾವಳಿಯಲ್ಲಿಯೇ.

ಜನನ ಮತ್ತು ಶಿಕ್ಷಣ

ಜೋಸೆಫ್ ವಾಜ್ ಅವರು ಗೋವಾದ ಸಾಲ್ಸೆಟ್ ಪ್ರಾಂತ್ಯದ ಬೆನೌಲಿಂ ಗ್ರಾಮದಲ್ಲಿ, ತಾಯಿಯ ತವರುಮನೆಯಲ್ಲಿ ಜನಿಸಿದರು. ತಂದೆ ಕ್ರಿಸ್ತೊವಾವ್ ವಾಜ್, ತಾಯಿ ಮರಿಯಾ ದ ಮಿರಾಂದಾ. ತಂದೆಯ ಊರು ಸಾಂಕ್ವಾಳ. ಕುಟುಂಬವು ಪೋರ್ಚುಗೀಸರ ಕಾಲದಲ್ಲಿ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದ ಕೊಂಕಣಿ ಬ್ರಾಹ್ಮಣ ಮೂಲದ್ದು. ಆರು ಮಂದಿ ಮಕ್ಕಳಲ್ಲಿ ಅವರು ಮೂರನೆಯವರು.

ಸಾಂಕ್ವಾಳದಲ್ಲಿ ಪೋರ್ಚುಗೀಸ್ ಭಾಷೆಯನ್ನೂ ಬೆನೌಲಿಂನಲ್ಲಿ ಲ್ಯಾಟಿನನ್ನೂ ಕಲಿತ ಬಳಿಕ ಅವರು ಗೋವಾ ನಗರದಲ್ಲಿ ಜೆಸ್ವಿಟರ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ತತ್ತ್ವಶಾಸ್ತ್ರ ಮತ್ತು ದೇವಶಾಸ್ತ್ರಗಳನ್ನು ದೊಮಿನಿಕನ್ನರ ಸಂತ ಥಾಮಸ್ ಅಕ್ವಿನಾಸ್ ಕಾಲೇಜಿನಲ್ಲಿ ಅಭ್ಯಸಿಸಿದರು. 1676ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಆ ಬಳಿಕ ಬರಿಗಾಲಿನಲ್ಲಿ ನಡೆಯುವ ವ್ರತವನ್ನು ಕೈಗೊಂಡರು. ಸಾಂಕ್ವಾಳದಲ್ಲಿ ಗುರುಗಳಾಗಲು ಬಯಸುವ ಬಾಲಕರಿಗಾಗಿ ಒಂದು ಲ್ಯಾಟಿನ್ ಶಾಲೆಯನ್ನು ತೆರೆದರು. 1677ರ ಆಗಸ್ಟ್ 5ರಂದು ತಾನು ಮಾತೆ ಮರಿಯಳ ದಾಸನೆಂದು ಬರೆದು ಸಹಿ ಮಾಡಿದ ಪತ್ರವು ಅವರ ಭಕ್ತಿಜೀವನದ ಪ್ರಸಿದ್ಧ ದಾಖಲೆಯಾಗಿ ಉಳಿದಿದೆ.

ಆ ಕಾಲದ ಗೋವಾದಲ್ಲಿ ಸ್ಥಳೀಯರಿಗೆ ಗುರುದೀಕ್ಷೆ ದೊರೆಯುತ್ತಿತ್ತಾದರೂ ಯುರೋಪಿಯನ್ನರ ಧಾರ್ಮಿಕ ಸಂಸ್ಥೆಗಳ ಬಾಗಿಲು ಅವರಿಗೆ ಹೆಚ್ಚುಕಡಿಮೆ ಮುಚ್ಚಿತ್ತು. ಸ್ಥಳೀಯ ಗುರುಗಳು ಬಹುಪಾಲು ಸಹಾಯಕರ ಸ್ಥಾನದಲ್ಲಿಯೇ ಉಳಿಯಬೇಕಾಗುತ್ತಿತ್ತು. ವಾಜ್ ಅವರ ಮುಂದಿನ ನಡೆಗಳನ್ನು ಅರ್ಥಮಾಡಿಕೊಳ್ಳಲು ಈ ಹಿನ್ನೆಲೆ ಅಗತ್ಯ.

ಹದಿನೇಳನೆಯ ಶತಮಾನದ ಕೆನರಾ

ಗೋವಾದಿಂದ ದಕ್ಷಿಣಕ್ಕೆ ಕೊಂಕಣಿ ಕ್ರೈಸ್ತರ ವಲಸೆ ಹದಿನಾರನೆಯ ಶತಮಾನದಲ್ಲಿಯೇ ಆರಂಭವಾಗಿತ್ತು. 1560ರಲ್ಲಿ ಸ್ಥಾಪನೆಯಾದ ಧಾರ್ಮಿಕ ವಿಚಾರಣಾ ನ್ಯಾಯಾಲಯದ ಭಯ, ಯುದ್ಧಗಳು, ಕ್ಷಾಮ, ರೋಗ, ತೆರಿಗೆಗಳ ಭಾರ ಇವೆಲ್ಲ ಅದಕ್ಕೆ ಕಾರಣಗಳು. ಹೀಗೆ ಬಂದವರಲ್ಲಿ ಹೆಚ್ಚಿನವರು ಬೇಸಾಯಗಾರರು. ಗದ್ದೆ ಮಾಡಲು ಬಲ್ಲ ಜನರು ಕೆಳದಿ ಅರಸರಿಗೆ ಬೇಕಾಗಿದ್ದರು. ಕೆನರಾದ ಅಕ್ಕಿ ಗೋವಾಕ್ಕೆ ಬೇಕಾಗಿತ್ತು. ಅರಸರಿಗೂ ಪೋರ್ಚುಗೀಸರಿಗೂ ಎಷ್ಟೇ ಜಗಳವಾದರೂ ಈ ಅಕ್ಕಿಯ ವ್ಯಾಪಾರ ಇಬ್ಬರನ್ನೂ ಮತ್ತೆ ಮಾತುಕತೆಗೆ ಕರೆತರುತ್ತಿತ್ತು.

1568ರಲ್ಲಿ ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆ ಕಟ್ಟಿದರು. ಅದೇ ಕಾಲದಲ್ಲಿ ರೊಜಾರಿಯೊ ಇಗರ್ಜಿಯೂ ಸ್ಥಾಪನೆಯಾಯಿತು. ಆದರೆ 1650ರ ದಶಕದ ಆರಂಭದಲ್ಲಿ ಕೆಳದಿಯ ಶಿವಪ್ಪ ನಾಯಕನು ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನು ವಶಪಡಿಸಿಕೊಂಡನು. ಕೋಟೆಗಳೊಂದಿಗೆ ಅಲ್ಲಿದ್ದ ಧರ್ಮಗುರುಗಳ ಆಶ್ರಯವೂ ಹೋಯಿತು. ಊರುಗಳಲ್ಲಿ ನೆಲೆಸಿದ್ದ ಕ್ರೈಸ್ತರು ಮಾತ್ರ ಅಲ್ಲಿಯೇ ಉಳಿದರು. ಗುರುಗಳಿಲ್ಲದೆ ಮಕ್ಕಳ ದೀಕ್ಷಾಸ್ನಾನ, ಮದುವೆ, ಮರಣಕಾಲದ ಅಭ್ಯಂಗ ಇವೆಲ್ಲ ನಿಂತುಹೋಗುವ ಅಥವಾ ವರ್ಷಗಟ್ಟಲೆ ಕಾಯಬೇಕಾಗುವ ಸ್ಥಿತಿ ಉಂಟಾಯಿತು.

ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ (1672–1697) ಸಂಬಂಧಗಳು ಸುಧಾರಿಸಿದವು. 1678ರ ಒಪ್ಪಂದದಂತೆ ಮಿರ್ಜಾನ್, ಹೊನ್ನಾವರ, ಭಟ್ಕಳ, ಕಲ್ಯಾಣಪುರ ಮುಂತಾದೆಡೆ ಇಗರ್ಜಿಗಳನ್ನು ಕಟ್ಟಲು ಪೋರ್ಚುಗೀಸರಿಗೆ ಅನುಮತಿ ದೊರೆಯಿತು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳೆಂದು ಕನ್ನಡಿಗರು ನೆನೆಯುವ ಚೆನ್ನಮ್ಮಾಜಿ ಇವಳೇ. ಜೋಸೆಫ್ ವಾಜ್ ಅವರ ಕೆನರಾ ಸೇವೆ ಪೂರ್ತಿಯಾಗಿ ಇವಳ ಆಳ್ವಿಕೆಯ ಕಾಲದಲ್ಲಿ ನಡೆಯಿತು.

ಅಧಿಕಾರದ ವಿವಾದ

ಅನುಮತಿ ದೊರೆತರೂ ಸಮಸ್ಯೆ ಮುಗಿಯಲಿಲ್ಲ. ಈ ಬಾರಿಯ ತೊಡಕು ಅರಸರಿಂದ ಬಂದುದಲ್ಲ, ಧರ್ಮಸಭೆಯ ಒಳಗಿನದು. ಪೂರ್ವದೇಶಗಳಲ್ಲಿ ಬಿಷಪರನ್ನು ಹೆಸರಿಸುವ ಹಕ್ಕು ಪೋಪರು ನೀಡಿದ ಪದ್ರೊಆದೊ ಎಂಬ ವ್ಯವಸ್ಥೆಯಂತೆ ಪೋರ್ಚುಗಲ್ಲಿನ ಅರಸನಿಗಿತ್ತು. ಪೋರ್ಚುಗಲ್ಲಿನ ಬಲ ಕುಂದಿದಾಗ ರೋಮ್ ತನ್ನದೇ ಸಂಸ್ಥೆಯ ಮೂಲಕ ನೇರವಾಗಿ ಗುರುಗಳನ್ನು ಕಳುಹಿಸತೊಡಗಿತು. 1622ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯೇ ಪ್ರೊಪಗಾಂಡಾ ಫಿದೆ. ಅದರ ವತಿಯಿಂದ ಕೆನರಾಕ್ಕೆ ಅಪೊಸ್ತಲಿಕ ವಿಗಾರರಾಗಿ ನೇಮಕಗೊಂಡವರು ಬಿಷಪ್ ಥಾಮಸ್ ದ ಕಾಸ್ಟ್ರೊ. ಅವರೂ ಗೋವಾದವರೇ, ದಿವಾಡಿ ದ್ವೀಪದ ಸ್ಥಳೀಯ ಕುಟುಂಬಕ್ಕೆ ಸೇರಿದವರು. 1677ರಲ್ಲಿ ಮಂಗಳೂರಿಗೆ ಬಂದ ಅವರು 1680ರ ಸುಮಾರಿಗೆ ಮಿಲಾಗ್ರಿಸ್ ಇಗರ್ಜಿಯನ್ನು ಕಟ್ಟಿಸಿದರು.

ಗೋವಾದ ಅಧಿಕಾರಿಗಳು ಈ ನೇಮಕವನ್ನು ಒಪ್ಪಲಿಲ್ಲ. ಹೀಗಾಗಿ ಒಂದೇ ಸಣ್ಣ ಸಮುದಾಯದ ಮೇಲೆ ಇಬ್ಬರು ಅಧಿಕಾರ ಹೇಳತೊಡಗಿದರು. ಒಂದು ಪಕ್ಷದ ಗುರುಗಳು ಕೊಟ್ಟ ಪಾಪಕ್ಷಮೆ ಸಿಂಧುವಲ್ಲವೆಂದು ಇನ್ನೊಂದು ಪಕ್ಷದವರು ಸಾರುವ ಪರಿಸ್ಥಿತಿ ಉಂಟಾಯಿತು. ಲಿಸ್ಬನ್ ಮತ್ತು ರೋಮ್‌ಗಳ ನಡುವಿನ ವ್ಯಾಜ್ಯವೆಂದು ನೋಡಿದರೆ ಇದು ಕಾಗದಪತ್ರಗಳ ವಿಷಯ. ಹಳ್ಳಿಯ ಬೇಸಾಯಗಾರನಿಗೆ ಹಾಗಲ್ಲ: ತನ್ನ ಮದುವೆ ಮದುವೆಯೇ ಹೌದೇ, ಸಾಯುವ ಮುನ್ನ ತಂದೆ ಮಾಡಿದ ಪಾಪನಿವೇದನೆ ದೇವರಿಗೆ ಸಂದಿತೇ ಎಂಬ ಸಂಶಯ ಅವನ ಮನೆಯೊಳಗೇ ಬಂದು ಕುಳಿತಿತು.

ಜೋಸೆಫ್ ವಾಜ್ ಅವರು ಸಿಲೋನಿಗೆ ಹೋಗಲು ಅನುಮತಿ ಕೋರಿದ್ದರು. ಗೋವಾದ ಅಧಿಕಾರಿಗಳು 1681ರಲ್ಲಿ ಅವರನ್ನು ಕೆನರಾದ ವಿಗಾರ್ ವಾರ್ ಆಗಿ ನೇಮಿಸಿದರು. ಅಂದರೆ ಅವರು ಬಂದದ್ದು ಪದ್ರೊಆದೊ ಪಕ್ಷದ ಪ್ರತಿನಿಧಿಯಾಗಿ; ಬಿಷಪ್ ಕಾಸ್ಟ್ರೊ ಅವರನ್ನು ಮಣಿಸಬೇಕೆಂಬುದು ಕಳುಹಿಸಿದವರ ನಿರೀಕ್ಷೆಯಾಗಿತ್ತು. ವಾಜ್ ಅವರು ಬೇರೆ ದಾರಿಯನ್ನು ಹಿಡಿದರು. ಬಿಷಪರನ್ನು ಗೌರವದಿಂದ ಭೇಟಿಯಾಗಿ ಅವರ ನೇಮಕದ ಪತ್ರವನ್ನು ಪರಿಶೀಲಿಸಿದರು. ರೋಮ್ ಮತ್ತು ಲಿಸ್ಬನ್‌ಗಳಿಂದ ಹೊಸ ಆದೇಶ ಬರುವವರೆಗೆ ತಮಗೆ ಬಿಷಪರೇ ಅಧಿಕಾರವನ್ನು ವಹಿಸಿಕೊಡುವಂತೆ ಒಪ್ಪಿಸಿದರು. ಈಗ ಅವರಿಗೆ ಎರಡೂ ಕಡೆಯ ಅಧಿಕಾರವಿತ್ತು. ಯಾರ ವಾದ ಸರಿಯೆಂದು ಹೊರಗೆ ತೀರ್ಪಾಗದಿದ್ದರೂ ಅವರ ಕೈಯಿಂದ ಸಂಸ್ಕಾರಗಳನ್ನು ಪಡೆದವರು ಸಂಶಯಪಡಬೇಕಾದ ಕಾರಣ ಉಳಿಯಲಿಲ್ಲ. ವಿವಾದವೇನೋ ಅವರ ಕಾಲದಲ್ಲಿ ಬಗೆಹರಿಯಲಿಲ್ಲ. ಅದರ ಎಳೆಗಳು ಕರಾವಳಿಯಲ್ಲಿ ಹತ್ತೊಂಬತ್ತನೆಯ ಶತಮಾನದವರೆಗೂ ಮುಂದುವರಿದವು. ಆದರೂ ಗೆಲ್ಲಲು ಕಳುಹಿಸಲ್ಪಟ್ಟವರು ಗೆಲುವನ್ನು ಬಿಟ್ಟು ಜನರ ನೆಮ್ಮದಿಯನ್ನು ಆರಿಸಿಕೊಂಡದ್ದು ಅವರ ಕೆನರಾ ಸೇವೆಯ ಅತ್ಯಂತ ಮುಖ್ಯ ಸಂಗತಿ.

ಹಳ್ಳಿಗಳ ನಡುವೆ ಸೇವೆ

ಅಂದಿನ ಕೆನರಾದಲ್ಲಿ ಒಬ್ಬ ಗುರುವಿನ ವ್ಯಾಪ್ತಿ ಇಂದಿನ ಧರ್ಮಕೇಂದ್ರದಂತೆ ಕೆಲವು ವಾರ್ಡುಗಳದ್ದಲ್ಲ. ಉತ್ತರದ ಹೊನ್ನಾವರದಿಂದ ದಕ್ಷಿಣದ ಮಂಗಳೂರಿನವರೆಗೆ, ಅಲ್ಲಿಂದ ಒಳನಾಡಿಗೆ, ಶರಾವತಿಯಿಂದ ನೇತ್ರಾವತಿಯವರೆಗೆ ಒಂದೊಂದೇ ನದಿಯನ್ನು ದೋಣಿಯಲ್ಲಿ ದಾಟಿ ಕಾಲ್ನಡಿಗೆಯಲ್ಲಿ ಸಾಗಬೇಕಿತ್ತು. ಮಳೆಗಾಲದಲ್ಲಿ ಹೊಳೆಗಳು ತುಂಬಿದರೆ ತಿಂಗಳುಗಟ್ಟಲೆ ದಾರಿಯೇ ಇರುತ್ತಿರಲಿಲ್ಲ. ಮಂಗಳೂರು, ಕಲ್ಯಾಣಪುರ, ಬಸ್ರೂರು, ಗಂಗೊಳ್ಳಿ, ಕುಂದಾಪುರ ಮುಂತಾದೆಡೆಗಳ ಇಗರ್ಜಿಗಳನ್ನು ಕಟ್ಟಿದ ಅಥವಾ ಮತ್ತೆ ಎಬ್ಬಿಸಿದ ಕೀರ್ತಿಯನ್ನು ಪರಂಪರೆಯು ಅವರಿಗೆ ನೀಡುತ್ತದೆ. ಬಹುತೇಕ ಮೊದಲ ಕಟ್ಟಡಗಳು ಮಣ್ಣಿನ ಗೋಡೆ, ಹುಲ್ಲು ಅಥವಾ ಮಡಲಿನ ಮಾಡಿನವಾಗಿದ್ದವೆಂದು ಊಹಿಸಬಹುದು. ಕಟ್ಟಡಕ್ಕಿಂತಲೂ ಅದರ ಸುತ್ತ ಸೇರುವ ಜನರ ರೂಢಿಯೇ ಮುಖ್ಯವಾಗಿತ್ತು.

ಆ ರೂಢಿಯನ್ನು ಕಟ್ಟಲು ಅವರು ಬಳಸಿದ ಸಾಧನಗಳು ಸರಳವಾದವು. ಮಕ್ಕಳಿಗೆ ಜಪ ಮತ್ತು ಧರ್ಮೋಪದೇಶ ಕಲಿಸುವ ಶಾಲೆಗಳನ್ನು ತೆರೆದರು. ಗುರುಗಳಿಲ್ಲದ ವಾರಗಳಲ್ಲಿಯೂ ಜನರು ಒಟ್ಟಿಗೆ ಸೇರಿ ಜಪಸರ ಹೇಳುವಂತೆ ಭಕ್ತಸಂಘಗಳನ್ನು ಸ್ಥಾಪಿಸಿದರು. ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿಯ ಭಕ್ತಿಯನ್ನು ಬೆಳೆಸಿದರು. ರೋಗಿಗಳ ಮನೆಗೆ ಹೋಗುವುದಕ್ಕೆ ಹೊತ್ತುಗೊತ್ತು ನೋಡುತ್ತಿರಲಿಲ್ಲ. ಗೋವಾದಿಂದ ಅಪಹರಿಸಿ ತಂದು ಮಾರಲ್ಪಟ್ಟಿದ್ದ ಕ್ರೈಸ್ತ ಗುಲಾಮರನ್ನು ಹಣ ಕೊಟ್ಟು ಬಿಡಿಸಿದರೆಂದೂ ಜೀವನಚರಿತ್ರೆಗಳು ತಿಳಿಸುತ್ತವೆ.

ಇವೆಲ್ಲಕ್ಕೂ ಅನುಕೂಲವಾಗಿ ಒದಗಿದ್ದು ಭಾಷೆ. ಜನರದ್ದೂ ಗುರುವಿನದ್ದೂ ಮನೆಮಾತು ಕೊಂಕಣಿ. ಯುರೋಪಿನಿಂದ ಬಂದ ಗುರುಗಳಿಗೆ ದುಭಾಷಿ ಬೇಕಾಗುತ್ತಿತ್ತು, ಕೆಳದಿಯ ಅಧಿಕಾರಿಗಳ ಕಣ್ಣಿಗೆ ಅವರು ಪೋರ್ಚುಗೀಸ್ ರಾಜ್ಯದವರಾಗಿ ಕಾಣುತ್ತಿದ್ದರು. ಬರಿಗಾಲಿನಲ್ಲಿ ನಡೆಯುವ ಕಂದುಮೈಯ ಗುರು ಗದ್ದೆಯ ಹುಣಿಯ ಮೇಲೆ ಸಾಗಿದರೆ ಯಾರೂ ತಿರುಗಿ ನೋಡುವಂತಿರಲಿಲ್ಲ.

ಮಂಗಳೂರು ಪ್ರದೇಶದ ಕ್ಯಾಥೊಲಿಕ್ ಧರ್ಮಕೇಂದ್ರಗಳಲ್ಲಿ ವಾಳೆಗೊಬ್ಬ ಗುರ್ಕಾರ್ ಇರುವ ಪದ್ಧತಿ ಪ್ರಸಿದ್ಧ. ನೆರೆಕರೆಯ ಮನೆಗಳ ಕಷ್ಟಸುಖಗಳನ್ನು ವಿಚಾರಿಸಿ ವಿಗಾರರಿಗೆ ತಿಳಿಸುವ ಹಿರಿಯನೇ ಗುರ್ಕಾರ್. ಈ ಪದ್ಧತಿಯನ್ನು ಒಬ್ಬರೇ ವ್ಯಕ್ತಿ ಆರಂಭಿಸಿದರೆಂದು ಹೇಳುವುದು ಸರಿಯಾಗಲಾರದು. ಆದರೆ ಗುರುಗಳು ವರ್ಷಕ್ಕೊಮ್ಮೆ ಬರುವ ಊರಿನಲ್ಲಿ ಸಮುದಾಯವು ಇಂಥ ಹಿರಿಯರ ಹೆಗಲ ಮೇಲೆಯೇ ನಿಲ್ಲಬೇಕಾಗಿತ್ತು ಎಂಬುದು ಸ್ಪಷ್ಟ. ಮುಂದೆ ಸಿಲೋನಿನಲ್ಲಿ ವಾಜ್ ಅವರು ಇದೇ ಬಗೆಯ ವ್ಯವಸ್ಥೆಯನ್ನು ವ್ಯಾಪಕವಾಗಿ ಬಳಸಿದರು.

ಮುಡಿಪು ಗುಡ್ಡದ ಐತಿಹ್ಯ

ನೇತ್ರಾವತಿಯ ದಕ್ಷಿಣಕ್ಕೆ, ಹಿಂದೆ ಬಂಟ್ವಾಳ ತಾಲ್ಲೂಕಿಗೆ ಸೇರಿದ್ದು ಈಗ ಉಳ್ಳಾಲ ತಾಲ್ಲೂಕಿನಲ್ಲಿರುವ ಮುಡಿಪು ಒಂದು ಗುಡ್ಡಗಾಡು ಊರು. ಇಲ್ಲಿನ ಜನರಲ್ಲಿ ಜೋಸೆಫ್ ವಾಜ್ ಅವರ ಬಗ್ಗೆ ಒಂದು ಐತಿಹ್ಯ ತಲೆಮಾರುಗಳಿಂದ ಉಳಿದುಬಂದಿದೆ. ಅವರನ್ನು ದ್ವೇಷಿಸುತ್ತಿದ್ದ ಕೆಲವರು ರಾತ್ರಿ ಹೊತ್ತು ಬಂದು, ಗುಡ್ಡದಾಚೆ ಒಬ್ಬ ರೋಗಿ ಸಾವಿನಂಚಿನಲ್ಲಿದ್ದಾನೆ, ಸಂಸ್ಕಾರ ನೀಡಬೇಕೆಂದು ಕರೆದರು. ಕೊಲ್ಲುವುದು ಅವರ ಉದ್ದೇಶವಾಗಿತ್ತು. ಗುಡ್ಡದ ಮೇಲೆ ತಲುಪಿದಾಗ ಗುರುಗಳು ವಿಷಯವನ್ನು ಅರಿತು ಬಂಡೆಯ ಮೇಲೆ ಮೊಣಕಾಲೂರಿ ಪ್ರಾರ್ಥಿಸಿದರು. ಕೈಯ ಊರುಗೋಲು ತಾಗಿದಲ್ಲಿ ನೀರು ಚಿಮ್ಮಿತು. ಬೆಳಕೊಂದು ಅವರನ್ನು ಸುತ್ತುವರಿಯಿತು. ಬಂದವರು ಹೆದರಿ ಓಡಿದರು. ಬಂಡೆಯಲ್ಲಿರುವ ಗುರುತುಗಳು ಅವರ ಮೊಣಕಾಲುಗಳವೆಂದು ಭಕ್ತರು ನಂಬುತ್ತಾರೆ.

ಇದು ಭಕ್ತರ ನಂಬಿಕೆಯ ಕಥೆ. ಇತಿಹಾಸದ ದಾಖಲೆಯೆಂದು ಓದತಕ್ಕದ್ದಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಮಿಲಾಗ್ರಿಸ್ ಸೇರಿದಂತೆ ಹೆಚ್ಚಿನ ಇಗರ್ಜಿಗಳು ಕೆಡವಲ್ಪಟ್ಟವು. ಇಂಥ ವಿಚ್ಛೇದದ ನಂತರವೂ ಒಬ್ಬ ಗುರುವಿನ ಹೆಸರು ಒಂದು ಗುಡ್ಡಕ್ಕೆ ಅಂಟಿಕೊಂಡೇ ಉಳಿಯಿತೆಂಬುದು ಗಮನಾರ್ಹ. ಕಥೆಯ ಒಡಲಲ್ಲಿರುವ ವಿವರವೂ ಹಾಗೆಯೇ: ರಾತ್ರಿಯಲ್ಲಿ ಕರೆ ಬಂದರೆ ಈ ಗುರು ಬಾರದೆ ಇರಲಾರರೆಂದು ಕೊಲ್ಲಬಂದವರಿಗೂ ಗೊತ್ತಿತ್ತು.

ಗೋವಾಕ್ಕೆ ಮರಳಿಕೆ ಮತ್ತು ಒರೆಟರಿ

1684ರಲ್ಲಿ ವಾಜ್ ಅವರು ಗೋವಾಕ್ಕೆ ಹಿಂತಿರುಗಿದರು. ಅದೇ ವರ್ಷ ಜುಲೈಯಲ್ಲಿ ಬಿಷಪ್ ಕಾಸ್ಟ್ರೊ ಅವರು ನಿಧನರಾದರು. ಹಳೆ ಗೋವಾದಲ್ಲಿ ಕೆಲವು ಸ್ಥಳೀಯ ಗುರುಗಳು ಪವಾಡಗಳ ಪವಿತ್ರ ಶಿಲುಬೆಯ ಇಗರ್ಜಿಯಲ್ಲಿ ಒಟ್ಟಾಗಿ ಜೀವಿಸತೊಡಗಿದ್ದರು. 1685ರ ಸೆಪ್ಟೆಂಬರ್ 25ರಂದು ಅವರನ್ನು ಸೇರಿದ ವಾಜ್ ಅವರು ಬೇಗನೆ ಆ ಸಮುದಾಯದ ಮುಖ್ಯಸ್ಥರಾಗಿ ಆಯ್ಕೆಯಾದರು. ಸಂತ ಫಿಲಿಪ್ ನೇರಿಯ ಒರೆಟರಿಯ ನಿಯಮಗಳನ್ನು ಈ ಸಮುದಾಯ ಅಳವಡಿಸಿಕೊಂಡಿತು. ಯುರೋಪಿಯನ್ ಸಂಸ್ಥೆಗಳಲ್ಲಿ ಸ್ಥಾನ ಸಿಗದ ಗೋವಾದ ಗುರುಗಳು ತಮ್ಮದೇ ಸಂಸ್ಥೆಯನ್ನು ಕಟ್ಟಿಕೊಂಡದ್ದು ಭಾರತದ ಧರ್ಮಸಭೆಯ ಇತಿಹಾಸದಲ್ಲಿ ಮಹತ್ವದ ಘಟನೆ. ಆದರೆ ಬ್ರಾಹ್ಮಣ ಮೂಲದವರಿಗೆ ಮಾತ್ರ ಅಲ್ಲಿ ಪ್ರವೇಶವಿತ್ತು. ಜನಾಂಗದ ಹೆಸರಿನಲ್ಲಿ ಹೊರಗಿಡಲ್ಪಟ್ಟವರು ಜಾತಿಯ ಹೆಸರಿನಲ್ಲಿ ಇತರರನ್ನು ಹೊರಗಿಟ್ಟರೆಂಬುದನ್ನು ಮರೆಯುವಂತಿಲ್ಲ.

1686ರಲ್ಲಿ ಮುಖ್ಯಸ್ಥ ಸ್ಥಾನವನ್ನು ಬಿಟ್ಟು ಅವರು ಸಿಲೋನಿನತ್ತ ಹೊರಟರು. ಜಾನ್ ಎಂಬ ಸೇವಕ ಜೊತೆಗಿದ್ದನು. ದಾರಿಯಲ್ಲಿ ಕೆನರಾದ ಹಳೆಯ ಸಮುದಾಯಗಳನ್ನು ಮತ್ತೊಮ್ಮೆ ಸಂದರ್ಶಿಸಿ ಕೆಲವು ತಿಂಗಳು ಅವರೊಂದಿಗಿದ್ದರು. ಆ ಬಳಿಕ ಅವರು ಈ ಕರಾವಳಿಗೆ ಮರಳಲಿಲ್ಲ.

ಸಿಲೋನಿನಲ್ಲಿ

1658ರಲ್ಲಿ ಜಾಫ್ನಾವನ್ನು ವಶಪಡಿಸಿಕೊಂಡು ಸಿಲೋನಿನ ಕರಾವಳಿಯಿಂದ ಪೋರ್ಚುಗೀಸರನ್ನು ಪೂರ್ತಿಯಾಗಿ ಹೊರಹಾಕಿದ ಡಚ್ಚರು ಕ್ಯಾಲ್ವಿನ್ ಪಂಥದವರು. ಅವರು ಕ್ಯಾಥೊಲಿಕ್ ಗುರುಗಳನ್ನು ನಿಷೇಧಿಸಿದ್ದರು. ಗುರುಗಳಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆಯೆಂದು ಆಜ್ಞೆ ಹೊರಡಿಸಿದ್ದರು. ಸುಮಾರು ಮೂವತ್ತು ವರ್ಷಗಳಿಂದ ದ್ವೀಪದ ಕ್ಯಾಥೊಲಿಕರಿಗೆ ಗುರುಗಳಿರಲಿಲ್ಲ. 1687ರಲ್ಲಿ ಬಡ ಕೂಲಿಯ ವೇಷದಲ್ಲಿ ಅಲ್ಲಿಗೆ ತಲುಪಿದ ವಾಜ್ ಅವರು ಆಮಶಂಕೆಯಿಂದ ಬಳಲಿ ಸಾಯುವ ಸ್ಥಿತಿಗೆ ಬಂದರು. ಚೇತರಿಸಿಕೊಂಡ ಬಳಿಕ ಕೊರಳಿಗೆ ಜಪಸರ ಧರಿಸಿ ಮನೆಮನೆಯಲ್ಲಿ ಭಿಕ್ಷೆ ಬೇಡಿದರು. ಜಪಸರವನ್ನು ಕಂಡು ಮುಖದಲ್ಲಿ ಬದಲಾವಣೆ ತೋರಿದವರು ಕ್ಯಾಥೊಲಿಕರೆಂದು ತಿಳಿಯುವ ಉಪಾಯ ಅದು. ಜಾಫ್ನಾ ಬಳಿಯ ಸಿಲ್ಲಾಲೈ ಗ್ರಾಮ ಅವರ ಮೊದಲ ನೆಲೆಯಾಯಿತು. ತಮಿಳನ್ನು ಕಲಿತು, ರಾತ್ರಿಗಳಲ್ಲಿ ಬಲಿಪೂಜೆ ಅರ್ಪಿಸಿ, ಹಗಲಿನಲ್ಲಿ ಅಡಗಿರುತ್ತಿದ್ದರು.

1689ರ ಕ್ರಿಸ್ಮಸ್ ಹೊತ್ತಿಗೆ ಡಚ್ಚರು ಪ್ರಾರ್ಥನೆಗೆ ಸೇರಿದ್ದ ಜನರನ್ನು ಬಂಧಿಸಿದರು. ಗುರು ಸಿಕ್ಕಿಬೀಳಲಿಲ್ಲ, ಹಲವು ಭಕ್ತರು ಕಠಿಣ ಶಿಕ್ಷೆಗೆ ಗುರಿಯಾದರು. ಆಮೇಲೆ ವಾಜ್ ಅವರು ಡಚ್ಚರ ಆಳ್ವಿಕೆಗೆ ಹೊರಗಿದ್ದ ಕ್ಯಾಂಡಿ ರಾಜ್ಯದ ಪುತ್ತಳಂಗೆ ಸರಿದರು. 1692ರಲ್ಲಿ ಕ್ಯಾಂಡಿಗೆ ಬಂದಾಗ ಪೋರ್ಚುಗೀಸ್ ಗೂಢಚಾರನೆಂಬ ಆರೋಪದ ಮೇಲೆ ಅರಸ ಎರಡನೆಯ ವಿಮಲಧರ್ಮಸೂರ್ಯನು ಅವರನ್ನು ಸೆರೆಯಲ್ಲಿಟ್ಟನು. ಸೆರೆಯಲ್ಲಿ ಸಿಂಹಳ ಭಾಷೆಯನ್ನು ಕಲಿತರು. ಕ್ರಮೇಣ ಅರಸನ ವಿಶ್ವಾಸ ಗಳಿಸಿ ಬಿಡುಗಡೆ ಹೊಂದಿದರು. ಬರಗಾಲದಲ್ಲಿ ಅವರು ಪ್ರಾರ್ಥಿಸಿದಾಗ ಮಳೆ ಸುರಿಯಿತೆಂಬ ಕಥೆ ದ್ವೀಪದಲ್ಲಿ ಇಂದಿಗೂ ಜನಪ್ರಿಯ. ಅದಕ್ಕಿಂತ ದೃಢವಾದದ್ದು 1697ರ ಸಿಡುಬಿನ ಸಮಯದ ಸೇವೆ. ಮನೆಯವರೇ ತೊರೆದು ಕಾಡಿನಲ್ಲಿ ಬಿಟ್ಟುಹೋದ ರೋಗಿಗಳಿಗೆ ಗುಡಿಸಲು ಕಟ್ಟಿ, ಊಟ ಕೊಟ್ಟು, ಸತ್ತವರನ್ನು ತಮ್ಮ ಕೈಯಿಂದಲೇ ಮಣ್ಣು ಮಾಡಿದರು. ಧರ್ಮ ಯಾವುದೆಂದು ನೋಡಲಿಲ್ಲ.

ಗೋವಾದ ಒರೆಟರಿಯಿಂದ ಸಂಗಡಿಗರು ಬರತೊಡಗಿದ ಮೇಲೆ ಕಾರ್ಯ ವಿಸ್ತರಿಸಿತು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಅವರು ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ವಿಪುಲವಾಗಿ ಬರೆದು ಸಿಂಹಳ ಕ್ಯಾಥೊಲಿಕ್ ಸಾಹಿತ್ಯಕ್ಕೆ ತಳಪಾಯ ಹಾಕಿದರು. ಪ್ರತಿಯೊಂದು ಊರಿನಲ್ಲಿ ಮೂಪ್ಪನೆಂಬ ಹಿರಿಯನೂ ಅಣ್ಣಾವಿ ಎಂಬ ಪ್ರಾರ್ಥನೆಯ ಮುಂದಾಳುವೂ ಇರುವ ವ್ಯವಸ್ಥೆಯ ಬಲದಿಂದ, ಗುರುಗಳು ಇಲ್ಲದಾಗಲೂ ಸಮುದಾಯಗಳು ಉಳಿದವು. ವಾಜ್ ಅವರಿಗೆ ಬಿಷಪ್ ಪದವಿಯ ಪ್ರಸ್ತಾಪ ಬಂದಾಗ ಅವರು ಒಪ್ಪಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ನಿಧನರಾದರು. ಆಗ ಅವರಿಗೆ 59 ವರ್ಷ.

ಸಂತ ಪದವಿ ಮತ್ತು ಸ್ಮರಣೆ

ಒರೆಟರಿಯ ಗುರು ಸೆಬಾಸ್ತಿಯಾವ್ ದೊ ರೆಗೊ ಅವರು ಬರೆದ ವಾಜ್ ಅವರ ಜೀವನಚರಿತ್ರೆ 1745ರಲ್ಲಿ ಲಿಸ್ಬನ್‌ನಲ್ಲಿ ಪ್ರಕಟವಾಯಿತು. ನಂತರದ ಬರಹಗಳಿಗೆಲ್ಲ ಅದು ಆಧಾರವಾಗಿದೆ. 1995ರ ಜನವರಿ 21ರಂದು ಪೋಪ್ ಎರಡನೆಯ ಜಾನ್ ಪಾಲ್ ಅವರು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. 2000ದಲ್ಲಿ ಅವರು ಗೋವಾ ಮತ್ತು ದಮನ್ ಮಹಾಧರ್ಮಪ್ರಾಂತ್ಯದ ಪಾಲಕರಾದರು. ಸಂತ ಪದವಿಗೆ ಸಾಮಾನ್ಯವಾಗಿ ಬೇಕಾಗುವ ಎರಡನೆಯ ಪವಾಡದ ಷರತ್ತನ್ನು ಪೋಪ್ ಫ್ರಾನ್ಸಿಸ್ ಅವರು 2014ರಲ್ಲಿ ಸಡಿಲಿಸಿದರು. ಮರುವರ್ಷ ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಘೋಷಣೆ ನಡೆಯಿತು. ಶ್ರೀಲಂಕಾಕ್ಕೆ ಅವರು ಮೊದಲ ಸಂತ.

ಮುಡಿಪು ಗುಡ್ಡದ ಮೇಲೆ ಈಗ ಸಂತ ಜೋಸೆಫ್ ವಾಜ್ ಪುಣ್ಯಕ್ಷೇತ್ರವಿದೆ. ಸಮೀಪದಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವೂ ಮಾಹಿತಿ ತಂತ್ರಜ್ಞಾನ ಕಂಪನಿಯ ಆವರಣವೂ ಬಂದು, ಒಂದು ಕಾಲದ ನಿರ್ಜನ ಗುಡ್ಡದ ಸುತ್ತಲಿನ ಪ್ರದೇಶ ಬಹಳ ಬದಲಾಗಿದೆ. ಜನವರಿ 16 ಅವರ ಹಬ್ಬದ ದಿನ. ಮಂಗಳೂರು, ಬಂಟ್ವಾಳ ಕಡೆಯ ಭಕ್ತರು ಬೆಟ್ಟ ಹತ್ತಿ ಬಂದು ಇಲ್ಲಿ ಹರಕೆ ಸಲ್ಲಿಸುತ್ತಾರೆ.